ಸುತ್ತುಬಂಡಿಯಿಂದ ಇಳಿಯದ ಮಗು

ಸುತ್ತುಬಂಡಿ ನಿಲ್ದಾಣ, ಗದಗ
ಹದಿನಾಲ್ಕನೇ ತಿಂಗಳ ಮೂವತ್ತೊಂಬತ್ತನೇ ದಿನ, ಎರಡನೇ ಮಳೆಗಾಲ ಮುಗಿದ ಮೇಲೆ

ಮನೆಯಲ್ಲಿ ಚಿಕ್ಕ ಮಗುವಿರುವ ಎಲ್ಲರಿಗೂ ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಮುದುಕಿಗೆ ಅರಳುಮರಳು ಅಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಅಂಥ ತಿಂಗಳಿಲ್ಲ ಎಂದು ನನಗೆ ಗೊತ್ತಿದೆ. ಮಳೆಗಾಲ ವರ್ಷಕ್ಕೆರಡು ಸಲ ಬರಲು ಶುರುವಾದ ಮೇಲೆ ನಮ್ಮ ಹಿರಿಯರು ವರ್ಷವನ್ನೇ ಬಿಚ್ಚಿ ಮತ್ತೆ ಹೊಲಿದರು. ಆ ಕಥೆ ಇಲ್ಲಿ ಬೇಡ. ನನ್ನ ಮಾತುಗಳು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಗಳನ್ನು ಕೇಳಿ ಕೇಳಿ ಕಲಿತಿದ್ದೇನೆ, ಬರೆದು ರೂಢಿಯಿಲ್ಲ. ಹೀಗೆ ಹಿಂದಿನವರಿಗೆ ಬರೆಯುವ ಕಾಗದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಹಿಂದೋಲೆ. ಹೆಚ್ಚಿನವರು ಅದನ್ನು ಮುತ್ತಜ್ಜಿಗೆ ಬರೆದು ಹೋಳಿಗೆಯ ಹದ ಕೇಳುವುದಕ್ಕೆ ಕಳೆದುಬಿಡುತ್ತಾರೆ, ಅದೂ ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ. ನನ್ನದನ್ನು ನಾನು ಇಷ್ಟು ದಿನ ಜೋಪಾನವಾಗಿಟ್ಟಿದ್ದೆ. ಅದು ಯಾವ ರೂಪದಲ್ಲಿ ನಿಮ್ಮನ್ನು ಮುಟ್ಟುತ್ತದೆ ಎಂದು ಅಂಚೆಯವರಿಗೂ ತಿಳಿಯದು. ಪುಸ್ತಕದ ಹಾಳೆಯಾಗಿ ಬರಬಹುದು, ಮಿರ್ಚಿ ಕಟ್ಟಿಕೊಟ್ಟ ಕಾಗದವಾಗಿಯೂ ಬರಬಹುದು. ಎಣ್ಣೆ ಹತ್ತಿದ್ದರೂ ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ.

ನನ್ನ ಕೆಲಸ ಬಂಡಿ ಮುಚ್ಚುವುದು. ಸುತ್ತುಬಂಡಿ ಎಂದರೆ ಚಾಲಕನಿಲ್ಲದೆ ಊರು ಸುತ್ತುವ ವಾಹನ. ಬೆಳಿಗ್ಗೆ ಹೊರಟು ಸುತ್ತುತ್ತಲೇ ಇದ್ದು ದೀಪ ಹಚ್ಚುವ ಹೊತ್ತಿಗೆ ನಿಲ್ದಾಣಕ್ಕೆ ಬರುತ್ತದೆ. ನಿಮ್ಮ ಕಾಲದಲ್ಲಿ ನಿದ್ದೆ ಹೋದ ಮಗುವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತು ಬಾಗಿಲು ಹಾಕಿಕೊಂಡು ಹೋದವರಿದ್ದರಂತೆ. ಅದಕ್ಕೇ ನಮ್ಮ ಬಂಡಿಗಳಿಗೆ ಒಂದು ಕಟ್ಟಳೆ ಕಲಿಸಿದ್ದಾರೆ. ಸಂಜೆ ನಿಲ್ದಾಣದಲ್ಲಿ, ಹತ್ತಿದ ಚಿಕ್ಕವರೆಲ್ಲ ಇಳಿಯುವ ತನಕ ಬಂಡಿ ಬಾಗಿಲು ಮುಚ್ಚುವುದಿಲ್ಲ. ಎಲ್ಲರೂ ಇಳಿದ ಮೇಲೆ ‘ಎಲ್ಲರೂ ಇಳಿದರು’ ಎಂದು ತಾನೇ ಹೇಳಿ ಮುಚ್ಚಿಕೊಳ್ಳುತ್ತದೆ. ಯಾರಾದರೂ ಉಳಿದಿದ್ದರೆ ಎತ್ತಿಕೊಂಡು ಮನೆಯವರ ಕೈಗೆ ಕೊಡುವುದು ನನ್ನ ಪಾಲಿನ ಕೆಲಸ. ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಾ ಕೂತ ಹುಡುಗರನ್ನು ಕಿವಿ ಹಿಡಿದು ಇಳಿಸುವುದೂ ಅದರಲ್ಲಿ ಸೇರಿದೆ.

ಕೊಡುವುದು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕೈದಾಟ ಎಂಬ ರೂಢಿಯಿದೆ. ಮಗು ಒಬ್ಬರ ಸುಪರ್ದಿನಿಂದ ಇನ್ನೊಬ್ಬರ ಸುಪರ್ದಿಗೆ ಹೋಗುವಾಗ ಕೊಡುವವರು ‘ಕೊಟ್ಟೆ’ ಅನ್ನಬೇಕು, ತೆಗೆದುಕೊಳ್ಳುವವರು ಕೈ ಚಾಚಿ ‘ತಗೊಂಡೆ’ ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಕೊಡುವವರು ಮಗುವಿನ ಕೈ ಬಿಡುವ ಹಾಗಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಮಗು ಬಂದರೂ ಅಷ್ಟೇ, ಗಂಡ ಹೆಂಡತಿ ಮಾತು ಬಿಟ್ಟಿದ್ದರೂ ಅಷ್ಟೇ. ನಾನು ನಮ್ಮ ಯಜಮಾನರೊಡನೆ ಸಿಟ್ಟಾಗಿ ಒಂದು ವಾರ ಬೇರೇನೂ ಮಾತಾಡದೆ ಈ ಎರಡೇ ಮಾತುಗಳಲ್ಲಿ ಸಂಸಾರ ಮಾಡಿದ್ದೇನೆ. ಈ ರೂಢಿ ಎಲ್ಲಿಂದ ಬಂತೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲಿಂದ ಬಂದಿರಬೇಕು ಎಂದು ಈಗ ನನಗೆ ಅಂದಾಜಾಗಿದೆ.

ಮಗು ಮನೆಗೆ ಬರುವ ಮುಂಚೆ ಅಂಬೆನೋಟ ಎಂಬ ಶಾಸ್ತ್ರವೂ ಇದೆ. ಮನೆಯ ದೊಡ್ಡವರೆಲ್ಲ ಅಂಬೆಗಾಲಿಟ್ಟು ತಲಬಾಗಿಲಿನಿಂದ ಹಿತ್ತಲ ತನಕ ಮನೆಯನ್ನು ಒಮ್ಮೆ ನೋಡಿ ಬರಬೇಕು. ಬಾಯಿಗೆ ಹಾಕಿಕೊಳ್ಳಬಹುದಾದದ್ದು, ಎಳೆದರೆ ಮೈಮೇಲೆ ಬೀಳುವಂಥದ್ದು, ಬೆರಳು ತೂರುವ ತೂತು, ಯಾವುದು ಕಂಡರೂ ಅಲ್ಲೇ ಕೂತು ಗಟ್ಟಿಯಾಗಿ ಹೇಳಬೇಕು. ನನ್ನ ಮಗಳು ಹುಟ್ಟುವಾಗ ನಮ್ಮ ಮಾವನವರು ಸಿಡುಕಿದರು, ಈ ವಯಸ್ಸಿನಲ್ಲಿ ನೆಲ ಸವರಬೇಕೇ ಎಂದರು. ಗೊಣಗುತ್ತಲೇ ಮಂಚದ ಕೆಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಸಿಕ್ಕಿಹಾಕಿಕೊಂಡರೇನೋ ಎಂದು ಬಗ್ಗಿ ನೋಡಿದರೆ ಅವರು ಅಲ್ಲೇ ಕೂತಿದ್ದರು, ಅಂಗೈಯಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕ ಬ್ಯಾಟರಿ. ಅವರದೇ ಕಿವಿಯಂತ್ರದ್ದು. ಕೂಸು ನುಂಗಿದ್ದರೆ ಗಂಟಲು ಸುಟ್ಟುಹೋಗುತ್ತಿತ್ತು. ಆಮೇಲೆ ಅವರು ಅಂಬೆನೋಟದ ಬಗ್ಗೆ ಮಾತೆತ್ತಲಿಲ್ಲ. ವಾರಕ್ಕೊಮ್ಮೆ ಯಾರೂ ಹೇಳದೆ ತಾವೇ ಬಗ್ಗುತ್ತಿದ್ದರು. ಕೂಸಿರುವ ಮನೆಯ ಬಾಗಿಲಲ್ಲಿ ನಾವು ಒಂದು ಬಕೆಟ್ಟನ್ನು ಬೋರಲು ಹಾಕಿಡುತ್ತೇವೆ. ಈ ಮನೆಯಲ್ಲಿ ನೀರು ತುಂಬಿ ಬಿಟ್ಟ ಬಕೆಟ್ಟಿಲ್ಲ ಎಂದು ಅದರ ಅರ್ಥ. ದಾರಿಯಲ್ಲಿ ಹೋಗುವವರು ಅದನ್ನು ನೋಡಿ, ಓಹೋ, ಕೂಸು ಬಂದಿದೆ ಎಂದು ನಗುತ್ತಾ ಹೋಗುತ್ತಾರೆ.

ನಿಮ್ಮ ಕಾಲದ ಮನೆಯೊಂದನ್ನು ಇದ್ದ ಹಾಗೇ ಉಳಿಸಿ ಇಲ್ಲಿ ನೋಡಲು ಇಟ್ಟಿದ್ದಾರೆ. ನಾನು ಒಮ್ಮೆ ಹೋಗಿದ್ದೆ, ಇನ್ನೊಮ್ಮೆ ಹೋಗಲಾರೆ. ಸಿಂಕಿನ ಕೆಳಗೆ ಜ್ಯೂಸಿನ ಬಾಟಲಿಯಲ್ಲಿ ಫಿನಾಯಿಲ್ ಇತ್ತು. ಒಲೆಯ ಮೇಲಿನ ಪಾತ್ರೆಯ ಹಿಡಿ ಹೊರಗೆ ಚಾಚಿಕೊಂಡಿತ್ತು, ಮೂರು ವರ್ಷದ ಮಗುವಿನ ಕೈಗೆ ಸರಿಯಾಗಿ ಎಟುಕುವಂತೆ. ಮಹಡಿಯ ಗಿಡ್ಡ ಗೋಡೆಗೆ ತಾಗಿಸಿ ಯಾರೋ ಒಂದು ಸ್ಟೂಲ್ ಇಟ್ಟಿದ್ದರು. ಪಡಸಾಲೆಯ ಗೋಡೆಯ ಮೇಲೆ ಆ ಮನೆಯ ಮಗುವಿನ ಫೋಟೋ ಇತ್ತು, ಕೆನ್ನೆಯಲ್ಲಿ ಇಷ್ಟಗಲದ ದೃಷ್ಟಿಬೊಟ್ಟು. ಅದೇ ಫೋಟೋದಲ್ಲಿ ಆ ಮಗುವನ್ನು ಸ್ಕೂಟರಿನ ಮುಂದೆ ಬರಿದಲೆಯಲ್ಲಿ ನಿಲ್ಲಿಸಿದ್ದರು, ಹಿಂದೆ ಅಪ್ಪ ಮಾತ್ರ ಹೆಲ್ಮೆಟ್ ಹಾಕಿಕೊಂಡು ನಗುತ್ತಿದ್ದ. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಆಮೇಲೆ ಆ ಅಪ್ಪನ ಮುಖ ನೋಡಿದೆ. ಅವನಿಗೆ ಆ ಮಗುವೆಂದರೆ ಪ್ರಾಣ ಎಂದು ಯಾರು ಬೇಕಾದರೂ ಹೇಳಬಹುದಿತ್ತು, ಹಾಗಾಗಿ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯದೆ ಮನೆಗೆ ಬಂದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ನಿಲ್ದಾಣದಲ್ಲಿ ಒಂದು ಬಂಡಿಯಿದೆ, ಹಳದಿ ಬಣ್ಣದ್ದು. ನಾನು ಕೆಲಸಕ್ಕೆ ಸೇರಿದ ಮೊದಲ ಸಂಜೆ ಅದರಲ್ಲಿದ್ದವರೆಲ್ಲ ಇಳಿದು ಹೋದರು, ಬಂಡಿ ಮುಚ್ಚಲಿಲ್ಲ. ಒಬ್ಬರು ಇಳಿದಿಲ್ಲ ಎಂದಿತು. ಒಳಗೆ ಹೋಗಿ ನೋಡಿದೆ, ಸೀಟಿನ ಕೆಳಗೆಲ್ಲ ಬಗ್ಗಿ ಹುಡುಕಿದೆ, ಯಾರೂ ಇರಲಿಲ್ಲ. ಕೆಳಗಿಳಿದರೆ ಮತ್ತೆ ಅದೇ ಮಾತು. ಆಗ ನನ್ನ ಮಗಳು ಎದೆಹಾಲು ಕುಡಿಯುವ ಕೂಸು, ಮನೆಯಲ್ಲಿ ಕಾಯುತ್ತಿದ್ದಳು, ನನಗೆ ಹೊತ್ತಾಗುತ್ತಿತ್ತು. ಏನೂ ತೋಚದೆ, ಮನೆಯಲ್ಲಿ ಮಾಡಿದ ರೂಢಿಯಿಂದ, ತೆರೆದ ಬಾಗಿಲಿಗೆ ಎರಡೂ ಕೈ ಚಾಚಿ ತಗೊಂಡೆ ಎಂದೆ. ಕೈಗಳು ಸ್ವಲ್ಪ ಕೆಳಗೆ ಜಗ್ಗಿದಂತಾಯಿತು. ಬಂಡಿ, ಎಲ್ಲರೂ ಇಳಿದರು ಎಂದು ಹೇಳಿ ಮುಚ್ಚಿಕೊಂಡಿತು. ನಾನು ಆ ಕೈಗಳನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ, ಯಾರ ಕೈಗೆ ಕೊಡಬೇಕು ಎಂದು ತಿಳಿಯಲಿಲ್ಲ. ಆಮೇಲೆ ಕೈ ಇಳಿಸಿದೆ, ಭಾರ ಇಲ್ಲವಾಯಿತು, ಮನೆಗೆ ಹೋದೆ.

ಮರುದಿನ ಸಂಜೆಯೂ ಹಾಗೇ ಆಯಿತು. ಅಂದಿನಿಂದ ನನ್ನ ಕೂದಲು ಹಣ್ಣಾಗುವ ತನಕ ಬಂಡಿ ಆ ಮಾತು ಹೇಳದ ಸಂಜೆಯಿಲ್ಲ. ಮದುವೆ ಮುಂಜಿ ಅಂತ ನಾನು ರಜೆ ಹಾಕಿದರೆ ಮರುದಿನ ನಾನು ಬರುವ ತನಕ ಬಂಡಿ ಬಾಗಿಲು ತೆರೆದುಕೊಂಡೇ ನಿಂತಿರುತ್ತಿತ್ತು. ನನ್ನ ಮಗಳು ದೊಡ್ಡವಳಾದಳು, ಅವಳಿಗೂ ಮಕ್ಕಳಾದವು, ನನ್ನ ಕೈಗೆ ಬರುವ ಈ ಭಾರ ಮಾತ್ರ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಮೂರು ವರ್ಷದ ಕೂಸಿನಷ್ಟು. ಮಳೆಗಾಲದಲ್ಲಿ ಎತ್ತಿಕೊಂಡರೂ ತೋಳಿಗೆ ಒಣ ಮಣ್ಣಿನ ವಾಸನೆ ಹತ್ತಿಕೊಳ್ಳುತ್ತಿತ್ತು. ದೊಡ್ಡ ಊರುಗಳ ನಿಲ್ದಾಣಗಳಲ್ಲಿ ಇಂಥ ಬಂಡಿಗಳು ಸಾಲುಸಾಲಾಗಿ ನಿಲ್ಲುತ್ತವಂತೆ, ಮುಚ್ಚುವವರ ರಟ್ಟೆ ಸೋತುಹೋಗುತ್ತದಂತೆ. ನಾವು ಆ ಬಗ್ಗೆ ಒಬ್ಬರೊಡನೊಬ್ಬರು ಹೆಚ್ಚು ಮಾತಾಡುವುದಿಲ್ಲ.

ಆ ಕಾಣದ ಕೂಸನ್ನು ನಾನು ಅವಳು ಎಂದೇ ಕರೆಯುತ್ತೇನೆ; ಅವಳು ಎಲ್ಲಿ ಹತ್ತುತ್ತಾಳೆ ಎಂಬುದು ಊರಿಗೆಲ್ಲ ಗೊತ್ತು. ಹಳದಿ ಬಂಡಿ ಬೆಳಗಿನ ಮೊದಲ ಸುತ್ತಿನಲ್ಲಿ ಒಂದು ಹೊಂಗೆಮರದ ಹತ್ತಿರ ನಿಲ್ಲುತ್ತದೆ. ಅಲ್ಲಿ ನಿಲ್ದಾಣವಿಲ್ಲ, ಈಗ ಮನೆಯೂ ಇಲ್ಲ. ಬಾಗಿಲು ತೆರೆದು, ಚಿಕ್ಕವರಿಗಾಗಿ ಮಾತ್ರ ಇರುವ ಗಿಡ್ಡ ಮೆಟ್ಟಿಲು ನೆಲಕ್ಕಿಳಿಯುತ್ತದೆ. ಒಂದು ಮಗು ಹತ್ತುವಷ್ಟು ಹೊತ್ತು ಕಾದು ಮೆಟ್ಟಿಲು ಮೇಲೇರುತ್ತದೆ. ಆ ಬಂಡಿಯಲ್ಲಿ ದಿನಾ ಓಡಾಡುವವರು ಮುಂದಿನ ಕಿಟಕಿಯ ಸೀಟನ್ನು ಖಾಲಿ ಬಿಟ್ಟಿರುತ್ತಾರೆ; ಹೊಸಬರು ಕೂತರೆ, ಅಲ್ಲಿ ಮಂದಿ ಅದಾರ್ರಿ ಎಂದು ಮೆಲ್ಲಗೆ ಎಬ್ಬಿಸುತ್ತಾರೆ. ಬಂಡಿಗಳಿಗೆ ರಸ್ತೆ ಕಲಿಸುವಾಗ ನಿಮ್ಮ ಕಾಲದ ಕಾರುಗಳು ಎಲ್ಲೆಲ್ಲಿ ಬ್ರೇಕ್ ಹಾಕಿದ್ದವು ಎಂಬ ನೆನಪನ್ನೆಲ್ಲ ಅವುಗಳಿಗೆ ತುಂಬಿದ್ದರು. ಈ ಬಂಡಿಗೆ ಯಾವುದೋ ಒಂದು ಕಾರಿನ ನೆನಪು ಬಂದಿದೆ, ಆ ಕಾರು ಹೊಂಗೆಮರದ ಹತ್ತಿರ ಬ್ರೇಕ್ ಹಾಕಿತ್ತು, ತಡವಾಗಿ. ಕಚೇರಿಯವರು ಹೇಳುವುದು ಇಷ್ಟೇ. ಬ್ರೇಕಿನ ನೆನಪು ಮಗುವಿನಷ್ಟು ಭಾರ ಇರುತ್ತದೆಯೇ ಎಂದರೆ ಅವರು ಬೇರೆ ಮಾತೆತ್ತುತ್ತಾರೆ.

ಈ ವರ್ಷ ನನ್ನ ರಟ್ಟೆ ಸೋತಿತು. ನನ್ನ ಜಾಗಕ್ಕೆ ಚೆನ್ನಬಸು ಎಂಬ ಯುವಕ ಬಂದ, ಧೈರ್ಯಸ್ಥ, ಎರಡು ಮಕ್ಕಳ ತಂದೆ. ಹಳದಿ ಬಂಡಿಯ ವಿಷಯ ಹೇಳಿದಾಗ ನಕ್ಕ. ಸಂಜೆ ಕೈ ಚಾಚದೆ ಬರೀ ಬಾಯಲ್ಲಿ ತಗೊಂಡೆ ಎಂದ, ಬಂಡಿ ಕೇಳಲಿಲ್ಲ. ಆಮೇಲೆ ಕೈ ಚಾಚಿ ಹೇಳಿದ. ಬಾಗಿಲು ಮುಚ್ಚಿತು, ಅವನು ಮಾತ್ರ ಚಾಚಿದ ಕೈ ಇಳಿಸಲೇ ಇಲ್ಲ. ನಾನು ಹತ್ತಿರ ಹೋದಾಗ ಅವನ ಮುಖ ಬೆವೆತಿತ್ತು.

“ಭಾರ ಐತಿ ಅಕ್ಕಾ,” ಎಂದ. “ಕೊರಳಿಗೆ ಕೈ ಹಾಕ್ಯಾಳ.”

ಅವನು ಮರುದಿನ ಬೇರೆ ಕೆಲಸ ಕೇಳಿಕೊಂಡು ಹೋದ. ಅವನನ್ನು ನಾನು ಬೈಯುವುದಿಲ್ಲ, ಮನೆಗೆ ಹೋಗಿ ತನ್ನ ಮಕ್ಕಳನ್ನು ಮುಟ್ಟಿ ಮುಟ್ಟಿ ನೋಡಿದನಂತೆ. ಆದರೆ ಇನ್ಯಾರೂ ಆ ಜಾಗಕ್ಕೆ ಬರಲು ಒಪ್ಪಲಿಲ್ಲ, ಮತ್ತೆ ನಾನೇ ಕೈ ಚಾಚುತ್ತಿದ್ದೇನೆ. ಬಂಡಿ ಕಚೇರಿಯ ಕುಸುಮಾ ಅಂಗಡಿ ಅನ್ನುವವರು ಒಳ್ಳೆಯ ಹೆಣ್ಣುಮಗಳು, ನನ್ನನ್ನು ಕೂರಿಸಿ ಚಹಾ ಕೊಟ್ಟು ಸಮಾಧಾನವಾಗಿ ಹೇಳಿದರು. ನಾಡಿದ್ದು ಆ ಬಂಡಿಯ ನೆನಪು ಅಳಿಸುತ್ತಾರಂತೆ. ಆಮೇಲೆ ಅದು ಹೊಂಗೆಮರದ ಹತ್ತಿರ ನಿಲ್ಲುವುದಿಲ್ಲ, ಸಂಜೆ ತಾನಾಗೇ ಮುಚ್ಚಿಕೊಳ್ಳುತ್ತದೆ, ನೀವಿನ್ನು ಆರಾಮಾಗಿ ಮನೆಯಲ್ಲಿರಿ ಎಂದರು. ಬಂಡಿ ನಿಲ್ಲದಿದ್ದರೆ ಬಂಡಿಗೆ ಸರಿ. ಅವಳು ಅಲ್ಲಿ ನಿಂತೇ ಇರುತ್ತಾಳಲ್ಲ, ತನ್ನೆದುರು ಹಾದು ಹೋಗುವ ಬಂಡಿ ನೋಡುತ್ತಾ. ಆ ಯೋಚನೆ ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಅದಕ್ಕೇ ಕಲ್ಲು ಕೇಳಲು ಹೋದೆ. ನಮ್ಮ ಕಾಲದವರು ಕಲ್ಲಿನಿಂದ ಹಳೆಯ ಧ್ವನಿ ತೆಗೆಯುವುದನ್ನು ಕಲಿತಿದ್ದಾರೆ; ಅಂಥ ಕಲ್ಲಿಗೆ ಕೇಳ್ಗಲ್ಲು ಎನ್ನುತ್ತಾರೆ. ಒಂದು ಧ್ವನಿಯನ್ನು ಒಂದೇ ಸಲ ಕೇಳಬಹುದು, ಕೇಳಿದ ಮೇಲೆ ಅದು ಅಳಿಸಿಹೋಗುತ್ತದೆ. ಹೊಂಗೆಮರದ ಬುಡದಲ್ಲಿ ಹಳೆಯ ಮನೆಯೊಂದರ ಚಪ್ಪಡಿ ಇನ್ನೂ ಇದೆ, ಚರಂಡಿಯ ಮೇಲೆ ಹಾಸಿ ಗೇಟಿನಿಂದ ರಸ್ತೆಗೆ ಕಾರು ಇಳಿಸುತ್ತಿದ್ದ ಚಪ್ಪಡಿ. ಇಷ್ಟು ವರ್ಷ ನಾನು ಅದನ್ನು ಕೇಳಿರಲಿಲ್ಲ. ಭಯವಿತ್ತು. ಮೊನ್ನೆ ಒಪ್ಪಿಗೆ ಪಡೆದು, ಅದಕ್ಕೆ ಕಿವಿಯಿಟ್ಟು ಮಲಗಿದೆ.

ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ, ಏಕೆಂದರೆ ಇನ್ನು ಅದು ನನ್ನ ತಲೆಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಬೆಳಗಿನ ಹೊತ್ತು. ಒಂದು ಕಾರು ಬಂದು ಗೇಟಿನ ಮುಂದೆ ನಿಂತಿತು, ಹಿಂದೆಯೇ ಮಗುವಿನ ನಗು. ಅಪ್ಪ ಕೆಲಸಕ್ಕೆ ಹೊರಡುವಾಗ ಅಳುವ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಸ್ಟೇರಿಂಗ್ ಹಿಡಿಸಿ, ಮೂಲೆಯ ತನಕ ಒಂದು ರೌಂಡ್ ಹೊಡೆಸಿ ಗೇಟಿನ ಹತ್ತಿರ ಇಳಿಸಿ ಹೋಗುವ ನಿಮ್ಮ ರೂಢಿ ನನಗೆ ಆಗ ಅರ್ಥವಾಯಿತು. ಅದೂ ಮಗು ಅಳಬಾರದು ಎಂಬ ಪ್ರೀತಿಗೇ ಹುಟ್ಟಿದ ರೂಢಿ. ಕಾರಿನ ಬಾಗಿಲು ತೆರೆಯಿತು. “ಸಾಕವಾ, ಇನ್ನ ಮಮ್ಮಿ ಕಡೆ ಹೋಗು,” ಎಂದು ಗಂಡಸಿನ ಧ್ವನಿ. ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ. ಮಿಕ್ಸಿ ನಿಲ್ಲಿಸಿ ಹೆಂಗಸೊಬ್ಬಳು ಕೂಗಿದಳು: “ರೀ, ಪುಟ್ಟಿ ನಿಮ್ಮ ಕಡೆ ಅದಾಳಲ್ಲ?” ಗಾಜು ಏರಿಸಿದ ಕಾರಿನೊಳಗೆ ಹಾಡು ಹಚ್ಚಿತ್ತು, ಅವನಿಗೆ ಕೇಳಲಿಲ್ಲ. ಉತ್ತರ ಬಾರದಿದ್ದುದನ್ನು ಅವಳು ಹೌದು ಎಂದುಕೊಂಡಳು, ಮಿಕ್ಸಿ ಮತ್ತೆ ಶುರುವಾಯಿತು. ಕಾರು ಹಿಂದಕ್ಕೆ ಸರಿಯುವ ಸದ್ದು. ನನ್ನ ಕಿವಿಯ ಹತ್ತಿರ, ಚಪ್ಪಡಿಯ ಮೇಲೆ, ಪೀಂ ಪೀಂ ಎನ್ನುವ ಪುಟ್ಟ ಚಪ್ಪಲಿಗಳು ಕಾರಿನ ಹಿಂಬದಿಗೆ ಓಡಿದವು. ಆಮೇಲೆ ಮೆಲ್ಲನೆಯ ಒಂದು ಧ್ವನಿ.

“ಇನ್ನೊಂದ ರೌಂಡ್, ಪಪ್ಪಾ.”

ಕಾರು ನಿಂತಿತು. ಕುಕ್ಕರ್ ಇನ್ನೊಂದು ಸೀಟಿ ಹೊಡೆಯಿತು. ಅಲ್ಲಿಂದಾಚೆಗೆ ನಾನು ಕಲ್ಲಿನಿಂದ ಕಿವಿ ತೆಗೆದೆ, ನನ್ನಿಂದ ಆಗಲಿಲ್ಲ.

ಅವಳು ಅಪ್ಪನ ಸುಪರ್ದಿನಿಂದ ಹೊರಟಿದ್ದಳು, ಅಮ್ಮನ ಸುಪರ್ದಿಗೆ ಸೇರಿರಲಿಲ್ಲ. ನಡುವೆ ಒಂದು ಚಪ್ಪಡಿಯಷ್ಟು ಜಾಗ, ಅಲ್ಲಿ ಅವಳು ಯಾರ ಮಗುವೂ ಆಗಿರಲಿಲ್ಲ. ಇಬ್ಬರೂ ಒಳ್ಳೆಯವರೇ. ಅವಳು ಕೇಳಿದ ಇನ್ನೊಂದು ರೌಂಡನ್ನು ನಮ್ಮ ಬಂಡಿ ದಿನಾ ಹೊಡೆಸುತ್ತಿದೆ, ಇಳಿಸಿಕೊಳ್ಳುವವರು ಮಾತ್ರ ಬಂದಿಲ್ಲ.

ಆ ಅಪ್ಪ ಅಮ್ಮನಿಗೆ ಮಾತ್ರ ಬರೆಯಬೇಕೆಂದಿದ್ದೆ. ಆದರೆ ಕಲ್ಲು ವರ್ಷ ಹೇಳಲಿಲ್ಲ, ಬಡಾವಣೆಯ ಹಳೆಯ ಹೆಸರು ಯಾರಿಗೂ ನೆನಪಿಲ್ಲ, ಮಗುವಿನ ಹೆಸರು ಪುಟ್ಟಿ ಎಂದಷ್ಟೇ ಗೊತ್ತು. ಪುಟ್ಟಿ ಯಾರ ಮನೆಯಲ್ಲಿಲ್ಲ? ಹಾಗಾಗಿ ಎಲ್ಲರಿಗೂ ಬರೆಯುತ್ತಿದ್ದೇನೆ. ನಿಮ್ಮ ಗೇಟಿನ ಮುಂದೆ ಹೊಂಗೆಮರವಿದ್ದರೆ ನಿಮಗೇ ಬರೆದದ್ದು ಎಂದು ತಿಳಿಯಿರಿ, ಇಲ್ಲದಿದ್ದರೂ ಹಾಗೇ ತಿಳಿಯಿರಿ. ಗಾಡಿ ತೆಗೆಯುವ ಮುಂಚೆ ಒಂದು ಸಲ ಇಳಿದು ಸುತ್ತ ನಡೆದು ನೋಡಿ. ಕನ್ನಡಿಗೆ ಮೂರು ವರ್ಷದವರು ಕಾಣುವುದಿಲ್ಲ. ಮಗುವನ್ನು ಗೇಟಿನ ಹತ್ತಿರ ಇಳಿಸಬೇಡಿ, ಒಳಗೆ ಹೋಗಿ ಒಬ್ಬರ ಕೈಗೆ ಕೊಡಿ. ರೌಂಡ್ ಬೇಕೆಂದು ಅತ್ತರೆ ಅಳಲಿ, ಅಳು ಹತ್ತು ನಿಮಿಷದ್ದು. ಆಫೀಸಿಗೆ ತಡವಾದರೆ ಆಗಲಿ, ಬೈಸಿಕೊಳ್ಳಿ. ಸಂಜೆ ಹೊತ್ತಿದ್ದರೆ ಒಮ್ಮೆ ನೆಲದ ಮೇಲೆ ಅಂಬೆಗಾಲಿಟ್ಟು ನಿಮ್ಮದೇ ಮನೆಯನ್ನು ನೋಡಿಬನ್ನಿ, ನೆರೆಯವರು ನಕ್ಕರೆ ನಗಲಿ, ಬಚ್ಚಲಿನ ಬಕೆಟ್ಟನ್ನು ಬೋರಲು ಹಾಕಿ. ಕೊಟ್ಟೆ, ತಗೊಂಡೆ ಎಂಬ ಆ ಎರಡು ಮಾತುಗಳನ್ನು ಇವತ್ತಿನಿಂದಲೇ ಶುರುಮಾಡಿ. ಬಾಯಿಬಿಟ್ಟು ಹೇಳಬೇಕು, ತಲೆಯಾಡಿಸಿದರೆ ಸಾಲದು.

ಈ ಓಲೆ ನಿಮ್ಮನ್ನು ಮುಟ್ಟಿ, ನೀವು ಪುಟ್ಟಿಯನ್ನು ಒಬ್ಬರ ಕೈಗೆ ಕೊಟ್ಟು ಹೋದರೆ, ನಾಳೆ ಬೆಳಿಗ್ಗೆ ಹಳದಿ ಬಂಡಿ ಹೊಂಗೆಮರದ ಹತ್ತಿರ ನಿಲ್ಲದೆ ಹೋಗುತ್ತದೆ. ಕಿಟಕಿಯ ಸೀಟಿನಲ್ಲಿ ಯಾರೋ ದಪ್ಪ ಮನುಷ್ಯರು ಆರಾಮಾಗಿ ಕೂತಿರುತ್ತಾರೆ. ಸಂಜೆ ಬಂಡಿ ಬಂದು, ಎಲ್ಲರೂ ಇಳಿದರು ಎಂದು ತಾನೇ ಮುಚ್ಚಿಕೊಳ್ಳುತ್ತದೆ. ನಾನು ಅಲ್ಲೇ ಕೈ ಚಾಚಿಕೊಂಡು ನಿಂತಿರುತ್ತೇನೆ, ಯಾಕೆ ನಿಂತಿದ್ದೇನೆಂದು ನನಗೇ ತಿಳಿಯುವುದಿಲ್ಲ, ಏಕೆಂದರೆ ಆಗದೇ ಹೋದದ್ದನ್ನು ಯಾರೂ ನೆನಪಿಟ್ಟುಕೊಳ್ಳಲಾರರು. ಈ ಓಲೆ ಬರೆದದ್ದೂ ಮರೆತುಹೋಗುತ್ತದೆ. ಇಷ್ಟು ವರ್ಷ ಎತ್ತಿಕೊಂಡವಳು ನಾನು, ಅವಳ ಭಾರ ನನ್ನ ತೋಳಿನಿಂದ ಹೋಗುತ್ತದಲ್ಲ ಎಂದು ಈಗ ಬರೆಯುವಾಗ ಕಣ್ಣು ತುಂಬುತ್ತಿದೆ. ಹೋಗಲಿ. ಅವಳು ನನ್ನವಳಲ್ಲ, ನಿಮ್ಮವಳು. ಅವಳು ದೊಡ್ಡವಳಾಗಲಿ, ಭಾರವಾಗಲಿ, ಎತ್ತಿಕೊಳ್ಳಲು ಬಾರದಷ್ಟು ಉದ್ದವಾಗಲಿ.

ಹೊರಗೆ ಬಂಡಿ ಬಂದ ಸದ್ದಾಗುತ್ತಿದೆ. ಒಬ್ಬರು ಇಳಿದಿಲ್ಲ ಎನ್ನುತ್ತಿದೆ. ಇವತ್ತು ನಾನು ಅವಳನ್ನು ಕೆಳಗಿಳಿಸುವುದಿಲ್ಲ, ತೋಳಿನಲ್ಲೇ ಇಟ್ಟುಕೊಂಡು ಅಂಚೆಯ ತನಕ ನಡೆದು ಈ ಓಲೆ ಹಾಕಿ ಬರುತ್ತೇನೆ. ನೀವು ಈ ಸಾಲು ಓದುವ ಹೊತ್ತಿಗೆ ನಿಮ್ಮ ಮಗು ಎಲ್ಲಿದೆ ಎಂದು ಒಮ್ಮೆ ತಲೆಯೆತ್ತಿ ನೋಡಿ. ಆಮೇಲೆ ಗಟ್ಟಿಯಾಗಿ ಹೇಳಿ, ನನಗೆ ಕೇಳಬೇಕು. ಕೇಳುವ ತನಕ ನಾನು ಕೈ ಬಿಡುವುದಿಲ್ಲ.

ಕೊಟ್ಟೆ.